ಮಾವನವರ ತಪಸ್ಸುಕಾಲ

ಊಟದ ಗಂಟೆ ಇನ್ನೇನು ಹೊಡೆಯಬೇಕು ಎನ್ನುವ ಹೊತ್ತಿಗೆ ಜೇವರ್ಗಿಯ ನಮ್ಮ ಸಿಸ್ಟರ್ ಸಾಲಿಯ, ಅಂದರೆ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಶಾಲೆಯ, ಗೇಟಿನ ಮುಂದೆ ಸೇರುತ್ತಿದ್ದ ಜನವನ್ನು ನೋಡಿದರೆ, ಒಳಗೆ ಯಾರದೋ ಮದುವೆ ಇದೆ ಅಂದುಕೊಳ್ಳಬೇಕು. ಅಜ್ಜಂದಿರು, ಅಜ್ಜಿಯರು, ತಾಯಂದಿರು, ಅಂಗಡಿಗೆ ಬೀಗ ಹಾಕದೆ ಬರೀ ಪರದೆ ಎಳೆದು ಓಡಿ ಬಂದ ಅಪ್ಪಂದಿರು, ಎಲ್ಲರ ಕೈಯಲ್ಲೂ ಡಬ್ಬಿ. ಬೆಳಿಗ್ಗೆ ಕಟ್ಟಿಕೊಟ್ಟ ರೊಟ್ಟಿ ಮಧ್ಯಾಹ್ನಕ್ಕೆ ಬಿರುಸಾಗುತ್ತದೆ, ಮಕ್ಕಳ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ನಮ್ಮ ಕಡೆಯವರ ಗಟ್ಟಿ ನಂಬಿಕೆ. ಗೇಟು ತೆರೆದದ್ದೇ ತಡ, ಈ ಡಬ್ಬಿ ದಂಡು ಒಳಗೆ ನುಗ್ಗಿ ಮೇರಿಮಾತೆಯ ಮೂರ್ತಿಯ ಪಕ್ಕದ ಬೇವಿನ ಮರದ ನೆರಳಲ್ಲಿ ಜಾಗ ಹಿಡಿಯುತ್ತಿತ್ತು. ಆಮೇಲೆ ಶುರು. ಬಾಯಿ ತೆಗಿ, ನುಂಗು, ಇದು ಅವ್ವಂದು, ಇದು ಕಾಕಾಂದು, ಇದೊಂದೇ ಕಡೇ ತುತ್ತು. ಆ ಕಡೇ ತುತ್ತು ಮುಗಿಯುವುದನ್ನು ನಾನಂತೂ ಎಂದೂ ನೋಡಿಲ್ಲ.

ಈ ದಂಡಿನ ದಳಪತಿ ನಮ್ಮ ಮಾವನವರು. ಬಜಾರದಲ್ಲಿ ರೈತರ ತೊಗರಿಯನ್ನು ಕಮಿಷನ್ನಿಗೆ ಮಾರಿಕೊಡುವ ಅಡತಿ ಅಂಗಡಿ ನಡೆಸಿ, ಊರೆಲ್ಲ ಸಾವ್ಕಾರ್ರು ಎಂದು ಕರೆಸಿಕೊಂಡವರು. ಅತ್ತೆಯವರು ತೀರಿಕೊಂಡ ಮೇಲೆ ಅಂಗಡಿಯನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ, ಒಪ್ಪಿಸಿ ಮನೆಯಲ್ಲಿ ಕುಳಿತರು. ಕುಳಿತರು ಅಂದರೆ ಕುಳಿತೇ ಬಿಟ್ಟರು. ಪೇಪರು ಓದುವುದು, ಗಡಿಯಾರ ನೋಡುವುದು, ಮತ್ತೆ ಅದೇ ಪೇಪರು. ಮೂರನೇ ಕ್ಲಾಸಿನ ಮೊಮ್ಮಗಳಿಗೆ ಡಬ್ಬಿ ಒಯ್ಯುವ ಕೆಲಸ ಸಿಕ್ಕ ಮೇಲೆಯೇ ಅವರಿಗೆ ಜೀವ ಬಂದದ್ದು. ಹನ್ನೊಂದಕ್ಕೇ ಧೋತರ ಬದಲಿಸಿ, ಹಣೆಗೆ ಹೊಸದಾಗಿ ವಿಭೂತಿ ಎಳೆದು, ಅಡುಗೆಯವಳ ಬೆನ್ನ ಹಿಂದೆಯೇ ನಿಂತು ಬಿಸಿ ರೊಟ್ಟಿ ಮಾಡಿಸಿಕೊಂಡು ಹೊರಡುತ್ತಿದ್ದರು.

ಅವರು ರೊಟ್ಟಿ ಮುರಿದು, ಬೇಳೆಯಲ್ಲಿ ಕಲಸಿ, ಮೇಲೆ ತುಪ್ಪ ಬಿಟ್ಟು, ಬಾಯಿಗೆ ಇಡುತ್ತಿದ್ದರು. ನನ್ನ ಮಗಳು ಗೂಡಿನ ಮರಿಯ ಹಾಗೆ ಬಾಯಿ ತೆರೆದು ಕೂತಿರುತ್ತಿದ್ದಳು, ಕೈ ಮಾತ್ರ ಮಡಿಲಿನಿಂದ ಮೇಲೇಳುತ್ತಿರಲಿಲ್ಲ. ನನ್ನ ಕಚೇರಿ ಸಾಲಿಯ ಹಿಂದಿನ ಬೀದಿಯಲ್ಲೇ ಇದೆ, ಹೀಗಾಗಿ ಊಟದ ಬಿಡುವಿನಲ್ಲಿ ಈ ದರ್ಬಾರು ದಿನಾ ಕಣ್ಣಿಗೆ ಬೀಳುತ್ತಿತ್ತು. ಭಾನುವಾರ ಮನೆಯಲ್ಲಿ ತಾಟು ಮುಂದಿಟ್ಟರೆ ಅದೇ ಹುಡುಗಿ ನನ್ನ ಮುಖ ನೋಡಿ ಬಾಯಿ ತೆರೆಯುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೇಳಿದರೆ ಮಾವನವರು, "ಅಕಿ ಇನ್ನಾ ಸಣ್ಣಾಕಿ ಅದಾಳ ಬಿಡವಾ" ಅನ್ನುತ್ತಿದ್ದರು. ಆ ಸಣ್ಣಾಕಿಗೆ ಮೂರರ ಮಗ್ಗಿಯಿಂದ ಹನ್ನೆರಡರ ಮಗ್ಗಿಯ ತನಕ ಬಾಯಿಪಾಠ ಬರುತ್ತಿತ್ತು.

ಅಂಥ ಹೊತ್ತಿಗೆ ಸಾಲಿಗೆ ಹೊಸ ಹೆಡ್ ಸಿಸ್ಟರ್ ಬಂದರು. ಮಂಗಳೂರಿನ ಕಡೆಯವರು, ಸಣ್ಣ ಆಳು, ನಗುಮುಖ, ಪುಸ್ತಕದ ಕನ್ನಡ. ಪಾಲಕರ ಸಭೆಯಲ್ಲಿ ನಗುನಗುತ್ತಲೇ ಬಾಂಬು ಹಾಕಿದರು. ಮುಂದಿನ ತಿಂಗಳಿಂದ ಊಟದ ಹೊತ್ತಿಗೆ ಗೇಟು ತೆರೆಯುವುದಿಲ್ಲ, ಡಬ್ಬಿಯನ್ನು ಕಾವಲುಗಾರನ ಹತ್ತಿರ ಕೊಟ್ಟು ಹೋಗಬೇಕು. "ಮಕ್ಕಳು ತಮ್ಮ ಕೈಯಿಂದ ತಾವೇ ಉಣ್ಣಬೇಕು. ಮತ್ತೊಂದು ವಿಷಯ, ಮನೆಯಿಂದ ಯಾರೂ ಬರದ ಮಕ್ಕಳೂ ಇದ್ದಾರೆ. ಅವು ಗೋಡೆಯ ಕಡೆ ಮುಖ ಮಾಡಿ ಕೂತು ಉಣ್ಣುತ್ತವೆ. ನನಗೆ ನೋಡಲಿಕ್ಕೆ ಆಗುವುದಿಲ್ಲ" ಎಂದರು.

ನಾನು ಖುಷಿಯಿಂದ ಚಪ್ಪಾಳೆ ತಟ್ಟಿದೆ. ಇಡೀ ಸಭೆಯಲ್ಲಿ ತಟ್ಟಿದವಳು ನಾನೊಬ್ಬಳೇ. ಪಕ್ಕದಲ್ಲಿದ್ದ ಮಾವನವರು ನನ್ನ ಕಡೆ ನೋಡಿದ ನೋಟಕ್ಕೆ ಎರಡನೆಯ ಚಪ್ಪಾಳೆ ಕೈಯಲ್ಲೇ ಉಳಿಯಿತು.

ಮನೆಗೆ ಬಂದವರು ಊಟ ಒಲ್ಲೆ ಎಂದರು. ಮರುದಿನವೂ ಮುಖ ಊದಿಸಿಕೊಂಡೇ ಇದ್ದರು. "ಗೇಟ್ ಬಂದ್ ಮಾಡ್ತಾರಂತ. ಹನ್ನೆರಡಕ್ಕ ಕಾವಲುಗಾರನ ಕೈಯಾಗ ಡಬ್ಬಿ ಕೊಟ್ಟು, ಮುಂದ ಸಂಜೀತನಾ ನಾ ಏನ ಮಾಡ್ಲಿ?" ಎಂದು ನನ್ನ ಗಂಡನನ್ನು ಕೇಳಿದರು. ಅವರ ಸಿಟ್ಟಿಗೆ ನಾನು ಹೆದರುವವಳಲ್ಲ, ಆದರೆ ಆ ಪ್ರಶ್ನೆ ಬಂದಾಗ ನನ್ನ ಗಂಡ ಅಂಗಡಿಯ ಕೀಲಿ ಹುಡುಕತೊಡಗಿದರು, ನಾನು ಅಡುಗೆಮನೆಗೆ ಹೋದೆ.

ಕಡೆಗೆ ಸಿಸ್ಟರ್ ಹತ್ತಿರ ಮಾತಾಡಲು ಡಬ್ಬಿ ದಂಡಿನ ನಾಲ್ಕು ಜನ ಹೊರಟರು. "ನೀನೂ ಬಾರವಾ, ನೀ ಆಫೀಸ್‌ನಾಕಿ. ಅವರ ಕನ್ನಡ ನಿನಗ ತಿಳೀತದ" ಎಂದು ಮಾವನವರು ನನ್ನನ್ನೂ ಎಳೆದುಕೊಂಡು ಹೋದರು. ಅವರು ಜಗಳಕ್ಕೆಂದೇ ತಯಾರಾಗಿ ಬಂದಿದ್ದರು. ಕೋಣೆಯೊಳಗೆ ಕಾಲಿಟ್ಟು, ಸಿಸ್ಟರ್ ಮುಖ ನೋಡಿ, ತಂದ ಮಾತೆಲ್ಲ ಮರೆತುಬಿಟ್ಟರು. ಸಿಸ್ಟರ್ ಹಣೆಯ ಮೇಲೆ ಬೂದಿಯ ಶಿಲುಬೆ ಇತ್ತು.

"ಅರೇ, ಸಿಸ್ಟರ್! ನೀವೂ ವಿಭೂತಿ ಹಚ್ಚೀರಲ್ರಿ!"

"ಹೌದು ಮಾರಾಯರೆ, ಇವತ್ತು ನಮಗೆ ವಿಭೂತಿ ಬುಧವಾರ. ಇಲ್ಲಿಂದ ಈಸ್ಟರ್ ಹಬ್ಬದವರೆಗೆ ತಪಸ್ಸುಕಾಲ. ಇಷ್ಟವಾದದ್ದು ಏನನ್ನಾದರೂ ಒಂದನ್ನು ಬಿಟ್ಟು, ಅದು ಇಲ್ಲದವರಿಗೆ ಕೊಡುವುದು."

ಅಷ್ಟರಲ್ಲಿ ಚಹಾ ಬಂತು. ಮಾವನವರು ಕಪ್ಪಿನಿಂದ ಬಸಿಗೆ ಸುರಿದುಕೊಂಡು, "ನೀವೇನ ಬಿಟ್ಟೀರಿ?" ಎಂದು ಕೇಳಿದರು.

"ಚಹಾ" ಎಂದರು ಸಿಸ್ಟರ್.

ಮಾವನವರ ಬಸಿ ತುಟಿಯ ಹತ್ತಿರ ಹೋಗಿ ನಿಂತಿತು. ಆಮೇಲೆ ತಮ್ಮ ಮನೆತನದ ಮರ್ಯಾದೆ ಕಾಯಬೇಕಲ್ಲ, ಶುರುಮಾಡಿದರು. ಶ್ರಾವಣವಿಡೀ ಒಪ್ಪತ್ತು ಮಾಡುತ್ತೇವೆ, ಶಿವರಾತ್ರಿಗೆ ನೀರು ಕೂಡ ಮುಟ್ಟುವುದಿಲ್ಲ, "ವ್ರತ ಹಿಡದ್ರ ನಡುವ ಬಿಡೋ ಮಂದಿ ಅಲ್ರಿ ನಾವು." ಜೊತೆಗೆ ಬಂದಿದ್ದ ಅಜ್ಜಿಯರಿಬ್ಬರೂ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದರು. ಇವರು ತಮ್ಮ ಕಾಲಿನಿಂದ ತಾವೇ ಬೋನಿನೊಳಗೆ ಹೋಗುತ್ತಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತ್ತು.

"ಹಾಗಾದರೆ ಒಳ್ಳೆಯದೇ ಆಯಿತು" ಎಂದರು ಸಿಸ್ಟರ್. "ಗೇಟು ಮುಚ್ಚುವುದು ಬೇಡ. ನೀವೂ ನನ್ನ ಜೊತೆ ತಪಸ್ಸುಕಾಲ ಹಿಡಿಯಿರಿ. ನಿಮ್ಮ ಮೊಮ್ಮಕ್ಕಳಿಗೆ ಉಣಿಸುವುದನ್ನು ಬಿಡಿ. ಯಾರೂ ಬರದ ಮಕ್ಕಳಿದ್ದಾರಲ್ಲ, ಒಬ್ಬೊಬ್ಬರು ಒಂದೊಂದು ಮಗುವಿನ ಜೊತೆ ಕೂರಿ."

ಆಡಿದ ಮಾತು ವಾಪಸು ತೆಗೆದುಕೊಳ್ಳುವುದು ಅಡತಿಯವರಿಗೆ ಗೊತ್ತಿಲ್ಲ, ಮಾವನವರು ಒಪ್ಪಿಕೊಂಡರು. ಗೇಟಿನ ಹೊರಗೆ ಬಂದ ಮೇಲೆ ಮಾವನವರು ಚಪ್ಪಲಿ ಮೆಟ್ಟುತ್ತಾ, "ಈ ಸಿಸ್ಟರ್ ಬಜಾರದಾಗ ಅಂಗಡಿ ಇಟ್ಟಿದ್ರ ನಾವೆಲ್ಲಾ ಎಂದೋ ದಿವಾಳಿ ತೆಗೀತಿದ್ವಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಮರುದಿನ ನಾನು ಬೇಕೆಂದೇ ಬಿಡುವಿಗೆ ಮುಂಚೆ ಹೋಗಿ ನಿಂತೆ. ಮಕ್ಕಳು ಎದ್ದು ನಿಂತು ಕೈಜೋಡಿಸಿ ಊಟದ ಪ್ರಾರ್ಥನೆ ಹೇಳಿದರು, ಮಾವನವರೂ ಕೈಮುಗಿದು ನಿಂತರು. ಆ ಪದ್ಧತಿ ಅವರಿಗೆ ಮೊದಲಿನಿಂದಲೂ ಸೇರುತ್ತಿತ್ತು. ನನ್ನ ಮಗಳು ಡಬ್ಬಿಯನ್ನು ಮುಂದಿಟ್ಟುಕೊಂಡು, ಮುಚ್ಚಳ ಕೂಡ ತೆಗೆಯದೆ, ಅಜ್ಜನನ್ನು ನುಂಗುವ ಹಾಗೆ ನೋಡುತ್ತಾ ಕೂತಿದ್ದಳು. ಅಜ್ಜ ಮುಖ ಆ ಕಡೆ ತಿರುಗಿಸಿಕೊಂಡು ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತರು. ಅವಳ ತಾಯಿ ಸರ್ಕಾರಿ ದವಾಖಾನೆಯಲ್ಲಿ ಆಯಾ ಕೆಲಸಕ್ಕಿದ್ದಾಳೆ, ಇಜೇರಿ ಹಳ್ಳಿಯಿಂದ ಬಂದು ಬಸ್‌ಸ್ಟ್ಯಾಂಡ್ ಹಿಂದೆ ಬಾಡಿಗೆ ಕೋಣೆಯಲ್ಲಿ ಇರುವವರು, ಮಧ್ಯಾಹ್ನ ಬರಲು ಆಗುವುದಿಲ್ಲ ಎಂದು ಸಿಸ್ಟರ್ ನನಗೆ ಹೇಳಿದರು.

ಹುಡುಗಿ ಡಬ್ಬಿ ತೆಗೆದಳು. ಅನ್ನ, ಪಕ್ಕದಲ್ಲಿ ಒಂದು ಬೇಯಿಸಿದ ಕೋಳಿ ತತ್ತಿ. ಅದನ್ನು ಎತ್ತಿ ನಮ್ಮ ಮಾವನವರ ಮುಂದೆ ಹಿಡಿದಳು.

"ಅಜ್ಜಾ, ಸುಲಿದು ಕೊಡ್ರಿ."

ನಮ್ಮ ಮನೆಗೆ ತತ್ತಿ ಬಂದದ್ದೇ ಇಲ್ಲ. ತತ್ತಿ ಮಾರುವ ಅಂಗಡಿಯಲ್ಲಿ ಮಾವನವರು ಬೆಂಕಿಪೊಟ್ಟಣವನ್ನೂ ಕೊಳ್ಳುವುದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಆ ಮನುಷ್ಯ ಚಾಚಿದ ಆ ಪುಟ್ಟ ಕೈಯನ್ನು ನೋಡುತ್ತಾ ಕಲ್ಲಾಗಿ ಕೂತರು. ಬೇವಿನ ಮರದ ಕೆಳಗೆ ಎಲ್ಲರ ತುತ್ತೂ ನಿಂತಿತು. ಅಜ್ಜಿಯೊಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನೇ ಹೋಗಿ ಅದನ್ನು ತೆಗೆದುಕೊಳ್ಳಬೇಕೆಂದು ಎರಡು ಹೆಜ್ಜೆ ಇಟ್ಟೆ, ಸಿಸ್ಟರ್ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಇಂಥದ್ದೊಂದು ಆಗುತ್ತದೆ ಎಂದು ಅವರೂ ಲೆಕ್ಕ ಹಾಕಿರಲಿಲ್ಲ.

"ಜಲ್ದಿ ಕೊಡ್ರಿ, ಗಂಟಿ ಹೊಡೀತದ" ಎಂದಳು ಹುಡುಗಿ.

ಮಾವನವರು ತತ್ತಿ ತೆಗೆದುಕೊಂಡರು. ಉಗುರಿನಿಂದ ಕೆದರಿದರು, ಬರಲಿಲ್ಲ. ಜಗ್ಗಿದರು, ಸಿಪ್ಪೆಯ ಜೊತೆ ಅರ್ಧ ತತ್ತಿ ಕಿತ್ತು ಬಂತು. "ಹಂಗಲ್ಲ ಅಜ್ಜಾ! ಮೊದಲ ಕಲ್ಲಿಗಿ ಕುಟ್ಟಬೇಕು. ನಿಮಗ ಇಷ್ಟೂ ಬರೂದಿಲ್ಲೇನು?" ಎಂದು ಆ ಗೇಣುದ್ದದ ಹುಡುಗಿ ನಮ್ಮ ಸಾವ್ಕಾರ್ರನ್ನು ಗದರಿಸಿದಳು. ಉಳಿದದ್ದನ್ನು ಕೈಗೆ ತೆಗೆದುಕೊಂಡು ಒಂದೇ ತುತ್ತಿಗೆ ನುಂಗಿ ನಕ್ಕಳು. ಮಾವನವರು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡರು.

ಸುದ್ದಿ ಅವರಿಗಿಂತ ಮೊದಲೇ ಬಜಾರಕ್ಕೆ ಮುಟ್ಟಿತ್ತು. ಸಂಜೆ ನನ್ನ ಗಂಡ ಅಂಗಡಿಯಿಂದ ಧುಮುಗುಡುತ್ತಾ ಬಂದರು.

"ಅಪ್ಪಾ, ನೀವು ತತ್ತಿ ಮುಟ್ಟೀರಂತ ಖರೇನು?"

"ಮುಟ್ಟೀನಿ. ತಿಂದಿಲ್ಲ."

"ಮಂದಿ ತತ್ತಿ ಸಾವ್ಕಾರ್ರು ಅನ್ನಾಕತ್ತಾರ."

"ಅಂದ್ರ ಅನ್ಲಿ ಬಿಡು. ಅಕಿ ಕೈ ಸಣ್ಣವ ಅದಾವ. ಅಕಿಗಿ ಬರೂದಿಲ್ಲ. ನಾ ಏನ್ ಮಾಡ್ಲಿ?"

ಇಷ್ಟು ಹೇಳಿ ಎರಡನೆಯ ಸಲ ಸ್ನಾನ ಮಾಡಿ, ಲಿಂಗಪೂಜೆಗೆ ಕೂತರು. ದಿನಕ್ಕಿಂತ ತುಂಬಾ ಹೊತ್ತು ಕೂತಿದ್ದರು. ಏನು ಕೇಳಿಕೊಂಡರೋ, ಏನು ಉತ್ತರ ಬಂತೋ, ಶಿವನಿಗೇ ಗೊತ್ತು. ಮರುದಿನ ನಾನು ಕಚೇರಿಗೆ ಹೊರಡುವ ಹೊತ್ತಿಗೇ ಧೋತರ ಬದಲಿಸಿ ನಿಂತದ್ದನ್ನು ನೋಡಿ ನನಗೆ ಅವರ ಮೇಲೆ ತುಂಬಾ ಪ್ರೀತಿ ಬಂತು. ಅವರ ರೊಟ್ಟಿಗೆ ತುಪ್ಪ ಜಾಸ್ತಿ ಹಚ್ಚಲು ಅಡುಗೆಯವಳಿಗೆ ಹೇಳಿ ಹೋದೆ.

ಇತ್ತ ನನ್ನ ಮಗಳು ಎರಡು ದಿನ ಉಪವಾಸ ಸತ್ಯಾಗ್ರಹ ಮಾಡಿದಳು. ಮೂರನೆಯ ದಿನ ಹಸಿವು ಗೆದ್ದಿತು. ಆಮೇಲೆ ಗೆಳತಿಯರ ಜೊತೆ ಗುಂಪು ಕಟ್ಟಿ, ಒಬ್ಬರ ಪಲ್ಯಕ್ಕೆ ಒಬ್ಬರು ಕೈಹಾಕಿ, ನೆಕ್ಕಿದ ಡಬ್ಬಿ ಮನೆಗೆ ತರತೊಡಗಿದಳು. ಒಂದು ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸುತ್ತಾ, "ಅಜ್ಜಾ, ನನ್ನ ಡಬ್ಬಿ ನಾನೇ ಒಯ್ತೇನಿ. ಬಿಸಿ ಬ್ಯಾಡ. ನೀವು ಬಿಸಿಲಾಗ ಬರಬ್ಯಾಡ್ರಿ" ಎಂದು ಹೇಳಿ ಹೋದಳು. ಅವಳದು ಅಕ್ಕರೆಯ ಮಾತೇ. ಮಾವನವರು "ಶಾಣ್ಯಾಕಿ ಆಗ್ಯಾಳ" ಎಂದು ನಕ್ಕರು, ನಕ್ಕು ಒಳಗೆ ಹೋಗಿ ನಿನ್ನೆಯ ಪೇಪರು ಹಿಡಿದು ಕೂತರು. ನಾನು ಕೇಳಿದ್ದೇ ಆಗಿತ್ತು, ಗೆದ್ದವಳು ನಾನೇ, ಆದರೆ ಆ ಗೆಲುವು ನನಗೆ ಒಂಚೂರೂ ಬೇಡವಾಗಿತ್ತು. ಅವರಿಗೆ ಈಗ ಆ ಸಾಲಿಯಲ್ಲಿ ಉಳಿದದ್ದು ದವಾಖಾನೆ ಆಯಾಳ ಮಗಳು ಒಬ್ಬಳೇ. ಆ ಮಧ್ಯಾಹ್ನ ಡಬ್ಬಿಯಿಲ್ಲದೆ ಬರಿಗೈಯಲ್ಲೇ ಸಾಲಿಗೆ ಬಂದರು.

ಈಸ್ಟರಿಗೆ ಒಂದು ವಾರ ಇರುವಾಗ, ಚರ್ಚಿನಲ್ಲಿ ಈಚಲ ಗರಿ ಹಂಚುವ ಗರಿಗಳ ಭಾನುವಾರ, ಆ ಆಯಾ ಚರ್ಚಿನಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಜೊತೆಗೆ ಮಗಳು, ಮಗಳ ಕೈಯಲ್ಲಿ ಒಂದು ಗರಿ. ಎಷ್ಟು ಕರೆದರೂ ತಾಯಿ ಒಳಗೆ ಬರಲಿಲ್ಲ, ಕಟ್ಟೆಯ ಅಂಚಿನಲ್ಲಿ ಕೂತಳು. ಮಗಳು ಮಾತ್ರ ಸೀದಾ ಪಡಸಾಲೆಗೆ ಹೋಗಿ ಮಾವನವರ ಮಂಚದ ಮೇಲೆ ಹತ್ತಿ ಕೂತು, ಗರಿಯಿಂದ ಅವರಿಗೆ ಗಾಳಿ ಬೀಸತೊಡಗಿದಳು.

"ತಪ್ಪಾಗೇದ್ರಿ ಸಾವ್ಕಾರ್ರ" ಎಂದಳು ತಾಯಿ. "ಅಜ್ಜ ಸುಲಿದು ಕೊಡ್ತಾನ ಅಂತ ಇಕಿ ದಿನಾ ಹೇಳ್ತಿದ್ಳು. ಯಾವ ಅಜ್ಜ ಅಂತ ನಾ ಕೇಳಲಿಲ್ರಿ. ನಿನ್ನೆ ದವಾಖಾನ್ಯಾಗ ಮಂದಿ ಹೇಳಿದ್ರು. ನೀವು ಲಿಂಗ ಕಟ್ಟಿದವರು, ನಿಮ್ಮ ಕೈಲೆ ಈ ಕೆಲಸ ಮಾಡಿಸೀನಿ. ನಾಳಿಂದ ತತ್ತಿ ಕಟ್ಟೂದಿಲ್ರಿ."

"ಯಾಕವಾ? ಡಾಕ್ಟರು ಕೊಡು ಅಂದಾರಂತ ಇಕೀನ ಹೇಳ್ಯಾಳ. ನೋಡು, ಹೆಂಗ ಬಡಕಲಾಗ್ಯಾಳ. ಕಟ್ಟು."

ಆಕೆ ಸ್ವಲ್ಪ ಯೋಚಿಸಿದಳು. ಮುಖ ತಿಳಿಯಾಯಿತು. "ಹಂಗಾದ್ರ ಮುಂಜಾನಿ ಮನ್ಯಾಗ ಸುಲಿದ ಹಾಕ್ತೇನ್ರಿ. ಇಕಿ ತಾನೇ ತಿಂತಾಳ. ನೀವು ಮುಟ್ಟೂದ ಬರೂದಿಲ್ಲ."

ಎಷ್ಟು ಸರಳವಾಗಿ ಬಗೆಹರಿಯಿತು ಎಂದುಕೊಂಡೆ. ಚಹಾ ತರಲು ನಾನು ಎದ್ದೆ. ಮಾವನವರು ಹುಡುಗಿ ಬೀಸುತ್ತಿದ್ದ ಗರಿಯನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.

"ಮನ್ಯಾಗ ಸುಲಿಬ್ಯಾಡವಾ" ಎಂದರು. "ಹಬ್ಬ ಆದಮ್ಯಾಲೂ ಸುಲಿಬ್ಯಾಡ. ಅದನ್ನೂ ನೀನ ಸುಲಿದು ಕಳಿಸಿದ್ರ, ನಾ ಅಲ್ಲಿಗಿ ಯಾಕ ಹೋಗ್ಲಿ?"