ಎರಡೂ ಕೈಗೆ ಬಿಸಿ ಚಹಾ

“ಎರಡೂ ಕೈಯಾಗ ಹಿಡ್ಕೊರಿ ಅಕ್ಕಾರ, ಕೆಳಗ ಇಡಬ್ಯಾಡ್ರಿ,” ಎಂದು ಬಡಗಿ ಬಸಣ್ಣ ತುಂಬಿದ ಎರಡು ಚಹಾ ಲೋಟಗಳನ್ನು ನನ್ನ ಕೈಗಿತ್ತು, ಗರಗಸದ ಯಂತ್ರ ಚಾಲೂ ಮಾಡಿದರು. ಕಪಾಟಿನ ಹಲಗೆಗೆ ಓರೆ ಅಂಚು ಕೊಯ್ಯಿಸಲು ಉಪ್ಪಲ್‌ನ ಅವರ ಅಂಗಡಿಗೆ ಹೋಗಿದ್ದೆ. ನನಗೊಬ್ಬಳಿಗೆ ಎರಡು ಚಹಾ ಯಾಕೆಂದು ರೇಗಿತು.

ಈಗಿನ ಯಂತ್ರಗಳಲ್ಲಿ ಓರೆ ಕೊಯ್ಯಲು ಗರಗಸದ ಚಕ್ರವನ್ನೇ ವಾಲಿಸುತ್ತಾರೆ. ಬಸಣ್ಣನವರ ಹಳೆಯ ಯಂತ್ರದಲ್ಲಿ ಚಕ್ರ ನೆಟ್ಟಗಿರುತ್ತದೆ, ಮೇಜೇ ವಾಲುತ್ತದೆ. ಕೊಯ್ದು ಮುಗಿಯುತ್ತಿದ್ದಂತೆ ಬೇರ್ಪಟ್ಟ ಪಟ್ಟಿ ಆ ಇಳಿಜಾರಿನಲ್ಲಿ ಚಕ್ರದತ್ತ ಜಾರತೊಡಗಿತು. ಹಿಡಿಯಲು ನನ್ನ ಬಲಗೈ ತಾನಾಗಿಯೇ ಮುಂದೆ ಹೋಯಿತು. ಬಿಸಿ ಚಹಾ ಮಣಿಕಟ್ಟಿನ ಮೇಲೆ ಚೆಲ್ಲಿ, ಕಿರುಚಿ ಹಿಂದೆ ಸರಿದೆ. ಅಷ್ಟರಲ್ಲಿ ಪಟ್ಟಿ ಹಲ್ಲಿಗೆ ಸಿಕ್ಕಿ, ಪಕ್ಕಕ್ಕೆ ಸರಿದು ನಿಂತಿದ್ದ ಬಸಣ್ಣನವರನ್ನು ದಾಟಿ, ಹಿಂದಿನ ಗೋಡೆಗೆ ಅಪ್ಪಳಿಸಿತು.

ಅವರು ಸ್ವಿಚ್ ಆರಿಸಿದರು. “ಈ ಮಷೀನಿಗೆ ಬೆರಳು ಕೊಟ್ಟೋರು ನಾವು ಬಡಿಗ್ಯಾರಲ್ರಿ. ಹಿಡಿಯಾಕ ಬಂದ ಗಿರಾಕಿಗೋಳು.”

ಮಣಿಕಟ್ಟಿನ ಸುಟ್ಟ ಗಾಯ ವಾರದಲ್ಲಿ ಮಾಯಿತು. ಕಪಾಟಿನ ಆ ಓರೆ ಅಂಚನ್ನು ಒರೆಸುವಾಗ ಮಾತ್ರ ಇಂದಿಗೂ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತೇನೆ.