ಸೂಜಿ ಮೇಡಂ ಅವರ ಬಲತೋಳು

ನಮ್ಮ ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧದ ಉಗ್ರಾಣಕ್ಕೂ ನಡುವೆ ಇಕ್ಕಟ್ಟಾಗಿ ನಿಂತಿರುವ ಶುಶ್ರೂಷಾ ಶಾಲೆಯಲ್ಲಿ ಕಲಿತು ಹೊರಬಂದ ಯಾವ ದಾದಿಯನ್ನಾದರೂ ನಿಲ್ಲಿಸಿ, ನಿನಗೆ ನರ ಹಿಡಿಯಲು ಕಲಿಸಿದವರು ಯಾರು ಎಂದು ಕೇಳಿ ನೋಡಿ. ಉತ್ತರ ಬರುವ ಮೊದಲೇ ಅವಳ ಮುಖ ಅರಳುತ್ತದೆ. ರಕ್ತ ತೆಗೆಯುವುದನ್ನೂ ಡ್ರಿಪ್ ಹಾಕುವುದನ್ನೂ ಬರಿಯ ಕೈಚಳಕವೆಂದು ಎಣಿಸದೆ, ನೋವಿನಲ್ಲಿರುವ ಮನುಷ್ಯನಿಗೆ ನಾವು ತೋರಬೇಕಾದ ಮರ್ಯಾದೆಯೆಂದೇ ಬಗೆದು, ಮೂರು ದಶಕಗಳಿಗೂ ಮೀರಿ ಅದನ್ನು ಕಲಿಸಿ, ಕಳೆದ ಬೇಸಿಗೆಯಲ್ಲಿ ನಿವೃತ್ತರಾದ ನಮ್ಮ ಸೂಜಿ ಮೇಡಂ ಅವರಿಗೆ ಶುಶ್ರೂಷೆಯ ಲೋಕದಲ್ಲಿ ಎಂಥ ಸ್ಥಾನವಿದೆ ಎಂಬುದನ್ನು ಈ ಅಭಿನಂದನ ಸಂಪುಟದ ಇತರ ಲೇಖಕರು ನನಗಿಂತ ಚೆನ್ನಾಗಿ ಹೇಳಿರುತ್ತಾರೆ. ಸಂತೋಷದ ನೆನಪುಗಳನ್ನೇ ಬರೆಯಿರೆಂದು ಸಂಪಾದಕರು ನನಗೂ ಸೂಚಿಸಿದ್ದರು. ಕ್ಷಮಿಸಬೇಕು, ನನ್ನಿಂದ ಅದು ಆಗುತ್ತಿಲ್ಲ. ನಾನು ಅವರ ಶಿಷ್ಯೆ. ಜೊತೆಗೆ ಶಸ್ತ್ರಚಿಕಿತ್ಸಾ ಕೊಠಡಿಯ ದಾದಿ. ಈ ವರ್ಷ ಅವರ ಎರಡೂ ಕೈಗಳನ್ನು ಒಂದಾದ ಮೇಲೊಂದರಂತೆ ಕೊಯ್ದದ್ದನ್ನು ಪಕ್ಕದಲ್ಲೇ ನಿಂತು ನೋಡಿದವಳು. ಬೇರೆ ಏನನ್ನು ಬರೆಯಲು ಕುಳಿತರೂ ಲೇಖನಿ ಮುಂದೆ ಸಾಗುವುದಿಲ್ಲ.

ಮೇಡಂ ಈ ಶಾಲೆಗೆ ಬಂದಾಗ ಅಭ್ಯಾಸಕ್ಕೆಂದು ಇದ್ದದ್ದು ಒಂದೇ ಒಂದು ರಬ್ಬರಿನ ಕೈ. ಚುಚ್ಚಿ ಚುಚ್ಚಿ ಜರಡಿಯಾಗಿದ್ದ ಅದರಿಂದ ಬಣ್ಣದ ನೀರು ಎಲ್ಲ ಕಡೆಯಿಂದಲೂ ಸೋರುತ್ತಿತ್ತು. ಹೊಸದೊಂದನ್ನು ತರಿಸಿಕೊಡಿ ಎಂದು ಇವರು ಕೇಳಿದರು, ನೋಡೋಣ ಎಂದು ಆಡಳಿತದವರು ಹೇಳಿದರು. ಆ ‘ನೋಡೋಣ’ ಎಷ್ಟು ವರ್ಷ ನಡೆಯಿತೆಂದರೆ ಕೇಳುವವರಿಗೂ ಹೇಳುವವರಿಗೂ ಅದು ರೂಢಿಯಾಗಿ ಹೋಯಿತು. ಇನ್ನೂ ಪಳಗದ ಹುಡುಗಿಯರನ್ನು ನೇರವಾಗಿ ರೋಗಿಗಳ ಮೇಲೆ ಬಿಡಲು ಮನಸ್ಸೊಪ್ಪದ ಮೇಡಂ ಒಂದು ದಿನ ಕುರ್ಚಿ ಎಳೆದುಕೊಂಡು ಕುಳಿತರು, ಅಂಗಿಯ ತೋಳನ್ನು ಮೇಲಕ್ಕೆ ಮಡಚಿದರು, ತಮ್ಮ ಕೈಯನ್ನೇ ಮೇಜಿನ ಮೇಲಿಟ್ಟರು. ಒಂದು ವಾರ ಎಡಗೈ, ಮರುವಾರ ಬಲಗೈ. ವರ್ಷ ವರ್ಷವೂ ಹೊಸ ತಂಡ, ನಡುಗುವ ಹೊಸ ಬೆರಳುಗಳು.

ನನ್ನ ಸರದಿ ಬಂದ ದಿನ ನಾನು ಉಸಿರು ಬಿಗಿಹಿಡಿದೇ ಸೂಜಿ ಎತ್ತಿಕೊಂಡೆ. ಮೊದಲ ಸಲ ಸೂಜಿ ಎಲ್ಲಿಗೋ ಹೋಯಿತು, ಎರಡನೆಯ ಸಲವೂ ರಕ್ತ ಬರಲಿಲ್ಲ. ಮೇಡಂ ಮುಖ ಸಿಂಡರಿಸಲಿಲ್ಲ. “ಮೊದ್ಲು ಉಸಿರಾಡೇ ತಾಯಿ. ನೀನು ದೊಪ್ಪಂತ ಬಿದ್ರೆ ಈ ಸೂಜಿ ಇಟ್ಕೊಂಡು ನಾನು ನಿನ್ನ ಹೇಗೆ ಎತ್ತಲಿ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಮೂರನೆಯ ಸಲಕ್ಕೆ ರಕ್ತ ಬಂತು. ಅದೇ ವರ್ಷ ನನ್ನ ತಾಯಿ ಇದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ, ನನ್ನ ಪಾಳಿಗಳನ್ನೆಲ್ಲ ಯಾರು ಮಾಡುತ್ತಿದ್ದಾರೆಂದು ವಿಚಾರಿಸುವ ಎಚ್ಚರವೂ ನನಗಿರಲಿಲ್ಲ. ಶಾಲೆಯ ಕೆಲಸ ಮುಗಿಸಿ ಬಂದು ಮೇಡಂ ತಾವೇ ಮಾಡುತ್ತಿದ್ದರೆಂಬುದು ಅಮ್ಮ ತೀರಿಕೊಂಡ ಮೇಲೆ ಬೇರೆಯವರ ಬಾಯಿಂದ ತಿಳಿಯಿತು. ಹೋಗಿ ಕೃತಜ್ಞತೆ ಹೇಳಿದರೆ, “ಅದನ್ನೆಲ್ಲ ಈಗ ಯಾಕೆ ಕೆದಕ್ತೀಯ, ಹೋಗಿ ಊಟ ಮಾಡು” ಎಂದು ಗದರಿದರು.

ಮೇಡಂ ಅವರ ಯಜಮಾನರನ್ನೂ ಇಲ್ಲಿ ನೆನೆಯಬೇಕು. ಆಸ್ಪತ್ರೆಯ ಎದುರು ಬೀದಿಯ ಮೂಲೆಯಲ್ಲಿ, ಎರಡು ಹೊಲಿಗೆ ಯಂತ್ರ ಹಿಡಿಸುವಷ್ಟೇ ಜಾಗದಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡವರು ಅವರು. ನಮ್ಮೆಲ್ಲರ ಸಮವಸ್ತ್ರ ಹೊಲಿದವರೂ ಅವರೇ. ಸಂಜೆ ಹೆಂಡತಿಯ ಮೊಣಕೈಯ ಒಳಬದಿ ನೀಲಿಗಟ್ಟಿರುವುದನ್ನು ಕಂಡು, “ನಾನು ಬಟ್ಟೆಗೆ ಚುಚ್ತೀನಿ, ಬಟ್ಟೆ ಸುಮ್ನಿರುತ್ತೆ. ನಿಮ್ಮ ಹುಡುಗೀರು ನಿಮಗೆ ಚುಚ್ತಾರೆ, ನೀವೂ ಸುಮ್ನಿರ್ತೀರಲ್ಲ!” ಎಂದು ರೇಗಿಸುತ್ತಿದ್ದರಂತೆ. ಮೇಡಂ ಈ ಮಾತನ್ನು ತರಗತಿಯಲ್ಲಿ ನಗುತ್ತಲೇ ಹೇಳುತ್ತಿದ್ದರು, ನಾವೂ ನಗುತ್ತಲೇ ಕೇಳುತ್ತಿದ್ದೆವು.

ರಕ್ತದೊತ್ತಡ ಅಳೆಯುವ ಪಾಠವೂ ಅವರದೇ. ಅದಕ್ಕೂ ಕೈ ಅವರದೇ. ತೋಳಿಗೆ ಪಟ್ಟಿ ಸುತ್ತಿ, ಸ್ಟೆತೋಸ್ಕೋಪನ್ನು ಕಿವಿಗಿಟ್ಟು, ಬಂದ ಅಂಕಿಯನ್ನು ಹುಡುಗಿಯರು ಗಟ್ಟಿಯಾಗಿ ಹೇಳಬೇಕು. ನಿವೃತ್ತಿಗೆ ಕೆಲವು ವರ್ಷ ಮುಂಚಿನಿಂದ ಆ ಅಂಕಿಗಳು ಏರುತ್ತ ಬಂದವು. ಮೇಡಂ ಮಾಡಿದ್ದೇನು? ಕಲಿಯುವವರ ಕಿವಿ ತಪ್ಪಿರಬೇಕು ಎಂದುಕೊಂಡು ತಿದ್ದಿದರು. “ಪಟ್ಟಿ ಸಡಿಲ ಕಟ್ಟಿದ್ದೀಯ.” “ಕೈ ಅಲ್ಲಾಡಿಸ್ಬಿಟ್ಟೆ.” “ಇನ್ನೊಂದ್ಸಲ ನೋಡು.” ಇನ್ನೊಂದು ಸಲವೂ ಅಷ್ಟೇ ಬಂದಾಗ, ಮೇಡಂ ಮೆಚ್ಚಲೆಂದು ಹುಡುಗಿಯರು ತಾವಾಗಿಯೇ ಅಂಕಿಯನ್ನು ಇಳಿಸಿ ಹೇಳತೊಡಗಿದರು. ಇಷ್ಟೇ ಬರುತ್ತಿದೆ ಎಂದು ಹಟ ಹಿಡಿದ ಒಬ್ಬಳಿಗೆ, ಪಾಪ, ಅಂಕ ಕಡಿಮೆ ಬಿತ್ತು. ತಪ್ಪನ್ನು ತಿದ್ದುವುದರಲ್ಲಿ ಅಷ್ಟು ಪಳಗಿದ್ದ ನಮ್ಮ ಗುರುಗಳು ಸರಿಯನ್ನೂ ತಿದ್ದಿಬಿಟ್ಟರು. ಕಾಲು ಊದಿಕೊಂಡು ಚಪ್ಪಲಿ ಹಿಡಿಸದೆ ಹೋದಾಗ ಮಾತ್ರ ಅವರು ತಮ್ಮ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದು; ಅಷ್ಟರಲ್ಲಿ ಆ ಏರಿದ ಒತ್ತಡಕ್ಕೆ ಎರಡೂ ಮೂತ್ರಪಿಂಡಗಳು ಬಹುಪಾಲು ಕೆಟ್ಟಿದ್ದವು. ವೈದ್ಯರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ನನಗೆ ಹೇಳಿದವರು ಅವರೇ. “ಹುಡುಗೀರು ಸರಿಯಾಗೇ ಹೇಳಿದ್ರು ಕಣೇ. ನಾನೇ ಕೇಳ್ಲಿಲ್ಲ” ಎಂದರು.

ಯಜಮಾನರು ತಮ್ಮದೊಂದು ಮೂತ್ರಪಿಂಡ ಕೊಡಲು ಮುಂದಾದರು; ಅವರಿಗೆ ಹಳೆಯ ಸಕ್ಕರೆ ಕಾಯಿಲೆ ಇದ್ದುದರಿಂದ ವೈದ್ಯರು ಒಪ್ಪಲಿಲ್ಲ. ಇನ್ನು ಉಳಿದದ್ದು ಡಯಾಲಿಸಿಸ್. ಯಂತ್ರವು ರಕ್ತವನ್ನು ಹೊರಗೆಳೆದು, ಶುದ್ಧಮಾಡಿ ಮರಳಿ ಒಳಗೆ ಕಳಿಸಬೇಕಾದರೆ ಸಾಮಾನ್ಯ ನರ ತಾಳುವುದಿಲ್ಲ. ಅದಕ್ಕಾಗಿ ಕೈಯಲ್ಲಿ ಧಮನಿಯೊಂದನ್ನು ಪಕ್ಕದ ನರಕ್ಕೆ ಸೇರಿಸಿ ಹೊಲಿಯುತ್ತಾರೆ. ಧಮನಿಯ ರಭಸ ನುಗ್ಗಿ ನರ ದಪ್ಪವಾಗುತ್ತದೆ. ಇದೇ ಫಿಸ್ಟುಲಾ. ಹೊಲಿದೊಡನೆ ಇದು ಕೆಲಸಕ್ಕೆ ಬಾರದು, ಬಲಿಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅಷ್ಟರೊಳಗೆ ಮೂತ್ರಪಿಂಡಗಳು ಪೂರ್ತಿ ಸೋತರೆ ಕತ್ತಿನಲ್ಲಿ ಕೊಳವೆ ಹಾಕಬೇಕಾಗುತ್ತದೆ, ಆ ಕೊಳವೆಗೆ ಸೋಂಕು ತಗುಲಿ ಹೋದವರನ್ನು ನಾವಿಬ್ಬರೂ ಬೇಕಾದಷ್ಟು ಕಂಡಿದ್ದೇವೆ. ಆದ್ದರಿಂದ ಮೇಡಂ ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಒಳ್ಳೆಯ ನರ.

ಅದನ್ನೇ ಹುಡುಕಲು ಶಸ್ತ್ರಚಿಕಿತ್ಸಕರು ಸ್ಕ್ಯಾನ್ ಯಂತ್ರದ ಮುಂದೆ ಕುಳಿತರು. ಮಣಿಕಟ್ಟಿನಿಂದ ಮೊಣಕೈವರೆಗೆ, ಎಡಗೈ ಆದ ಮೇಲೆ ಬಲಗೈ, ಬಹಳ ಹೊತ್ತು ನೋಡಿದರು. ಇದು ಗಡುಸಾಗಿದೆ, ಇದು ಮುಚ್ಚಿಕೊಂಡಿದೆ, ಇದು ಅರ್ಧಕ್ಕೇ ನಿಂತಿದೆ ಎಂದು ಗೊಣಗುತ್ತ ಕೊನೆಗೆ ತಲೆಯೆತ್ತಿ, “ಮೇಡಂ, ನಿಮಗೆ ಹಿಂದೆ ದೊಡ್ಡ ಕಾಯಿಲೆ ಏನಾದ್ರೂ ಆಗಿತ್ತಾ? ಇಷ್ಟೊಂದು ಸೂಜಿ ಯಾಕೆ ಬಿದ್ದಿದೆ?” ಎಂದು ಕೇಳಿದರು. ಮೇಡಂ ತೋಳಿನ ಮೇಲಿನ ಜೆಲ್ ಒರೆಸಿಕೊಳ್ಳುತ್ತ, “ಕಾಯಿಲೆ ಇಲ್ಲ ಡಾಕ್ಟ್ರೇ, ಪಾಠ ಮಾಡ್ತಿದ್ದೆ” ಎಂದರು. ಈ ಸಂಪುಟದಲ್ಲಿ ಎಷ್ಟೋ ಜನ ಆ ಪಾಠವನ್ನು ತ್ಯಾಗವೆಂದು ಕೊಂಡಾಡಿರುತ್ತಾರೆ. ಮೊದಲು ನಾನೂ ಕೊಂಡಾಡುತ್ತಿದ್ದವಳೇ. ಆ ದಿನದಿಂದ ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಅಯ್ಯಾ, ಯಾರಿಗೆ ಬೇಕಾಗಿತ್ತು ಈ ತ್ಯಾಗ? ಒಂದು ರಬ್ಬರಿನ ಕೈ ತರಿಸಿದ್ದರೆ ಸಾಕಾಗಿತ್ತು.

ಇದ್ದುದರಲ್ಲಿ ವಾಸಿಯೆನಿಸಿದ ನರಕ್ಕೆ ಮೊದಲ ಶಸ್ತ್ರಚಿಕಿತ್ಸೆ ಎಡ ಮಣಿಕಟ್ಟಿನಲ್ಲಿ ನಡೆಯಿತು. ಫಿಸ್ಟುಲಾ ಹಿಡಿದಿದೆಯೋ ಇಲ್ಲವೋ ಎಂದು ತಿಳಿಯಲು ಅದರ ಮೇಲೆ ಬೆರಳಿಡಬೇಕು. ಹಿಡಿದಿದ್ದರೆ ಒಳಗೆ ರಕ್ತ ನುಗ್ಗುವ ಅದುರು ಬೆರಳಿಗೆ ತಾಕುತ್ತದೆ. ಅಂದು ಸಂಜೆ ತಾಕುತ್ತಿತ್ತು. ಮರುದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಮೇಡಂ ಕೈಯನ್ನು ನನ್ನ ಕಡೆಗೆ ಸರಿಸಿದರು. “ನೀನೇ ನೋಡು. ನನ್ನ ಬೆರಳು ಮಂದ ಆಗಿರ್ಬೇಕು.” ನೋಡಿದೆ. ಸ್ಟೆತೋಸ್ಕೋಪ್ ಇಟ್ಟೂ ಕೇಳಿದೆ. ಒಳಗೆ ಏನೂ ಇರಲಿಲ್ಲ, ರಕ್ತ ಹೆಪ್ಪುಗಟ್ಟಿತ್ತು. “ಇಲ್ಲ ಅಲ್ವಾ?” ಎಂದರು. “ಇಲ್ಲ ಮೇಡಂ” ಎಂದೆ. ಫಿಸ್ಟುಲಾ ಇರುವ ಕೈಯನ್ನು ಒತ್ತಿದರೆ ರಕ್ತ ನಿಂತುಹೋಗಬಹುದು, ಬಿಗಿ ಬಟ್ಟೆ ಕೂಡದೆಂದು ಯಜಮಾನರು ಹೆಂಡತಿಯ ಅಂಗಿಗಳ ಎಡತೋಳನ್ನೆಲ್ಲ ಬಿಚ್ಚಿ ಸಡಿಲವಾಗಿ ಹೊಲಿದು ತಂದಿದ್ದರು. ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವರು, “ಹಾಗಾದ್ರೆ ಬಲಗಡೆದೂ ಬಿಚ್ಲಾ?” ಎಂದು ಮೆಲ್ಲಗೆ ಕೇಳಿದರು.

ಎಡತೋಳಿನ ಮೇಲ್ಭಾಗದ ನರ ತೀರ ಸಣ್ಣದಾಗಿತ್ತು. ಉಳಿದದ್ದು ಬಲತೋಳು, ಅದರಲ್ಲೂ ಮೊಣಕೈಗಿಂತ ಮೇಲೆ, ಮಾಂಸದ ಒಳಗೆ ಆಳದಲ್ಲಿ ಹೋಗುವ ಒಂದೇ ನರ. ನಮ್ಮ ಯಾರ ಸೂಜಿಯೂ ಅಲ್ಲಿಯವರೆಗೆ ಎಟುಕಿರಲಿಲ್ಲ, ಅದಕ್ಕೇ ಅದು ಉಳಿದಿತ್ತು. ಅವರು ಬರೆಯುವುದು, ಉಣ್ಣುವುದು ಎಲ್ಲ ಬಲಗೈಯಲ್ಲಿ. ಯಂತ್ರಕ್ಕೆ ಕುಳಿತಷ್ಟು ಹೊತ್ತು ಇನ್ನು ಆ ಕೈ ಅವರದಲ್ಲ. ಬೇರೆ ದಾರಿ ಇರಲಿಲ್ಲ, ಒಪ್ಪಿದರು. ತೋಳನ್ನಷ್ಟೇ ಮರಗಟ್ಟಿಸಿದ್ದರಿಂದ ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಎಚ್ಚರವಾಗಿದ್ದ ಮೇಡಂ, ಹಸಿರು ಪರದೆಯ ಆಚೆಯಿಂದಲೇ, “ದಾರ ಯಾವುದು ಕೊಟ್ಟೆ? ಸಣ್ಣದು ತಾನೆ?” ಎಂದು ನನ್ನನ್ನು ವಿಚಾರಿಸಿದರು. ಶಸ್ತ್ರಚಿಕಿತ್ಸಕರು, “ಮೇಡಂ, ಇದು ನಿಮ್ಮ ಕ್ಲಾಸಲ್ಲ, ಸುಮ್ನೆ ಮಲ್ಕೊಳ್ಳಿ” ಎಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ಮುಖಕವಚದ ಒಳಗೆ ಅಳುತ್ತಿದ್ದೆ.

ಹೊಲಿಗೆ ಮುಗಿದು, ರಕ್ತವನ್ನು ತಡೆದಿದ್ದ ಕ್ಲಿಪ್ ತೆಗೆದಾಗ ನರ ಅದುರಿತು. ಮರುದಿನವೂ ಅದುರುತ್ತಿತ್ತು, ಅದರ ಮರುದಿನವೂ. ಯಜಮಾನರು ಹೆದರುತ್ತಲೇ ಬೆರಳಿಟ್ಟು, “ಮಿಷಿನ್ ಓಡ್ತಿರುವಾಗ ಮೇಜು ಮುಟ್ಟಿದ ಹಾಗೇ ಇದೆ!” ಎಂದರು. ಮೇಡಂ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಗೆಲುವು ಕಂಡಿತು. ಗೆಲುವು ಕಂಡದ್ದೇ ತಡ, ಈಗಿನ ತಂಡದ ಹುಡುಗಿಯರನ್ನೆಲ್ಲ ಕರೆದು ತಾ, ಒಬ್ಬೊಬ್ಬಳೂ ಬೆರಳಿಟ್ಟು ಕಲಿಯಲಿ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. “ಸಾಕು ಮಾಡಿ ಮೇಡಂ! ಇನ್ನೆಷ್ಟು ಕೊಡ್ತೀರಿ ಆ ಕೈನ? ಮನೆಯವರ ಮುಖ ನೋಡಿ ಸ್ವಲ್ಪ!” ಎಂದು ಕೂಗಿಬಿಟ್ಟೆ. ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಮೇಡಂ ಬೈಯಲಿಲ್ಲ. ಕಿಟಕಿಯ ಕಡೆ ನೋಡುತ್ತ, “ಮತ್ತೇನು ಮಾಡ್ಲಿ ಹೇಳು? ಸುಮ್ನೆ ಕೂತ್ರೆ ಇದು ನಿಂತೇ ಹೋಯ್ತೇನೋ ಅಂತ ಭಯ ಆಗುತ್ತೆ. ತುಂಬಾ ಭಯ ಆಗುತ್ತೆ ಕಣೇ” ಎಂದರು. ಸ್ಟೂಲು ಎಳೆದುಕೊಂಡು ಕುಳಿತು, “ಹುಡುಗೀರು ಬೇಡ. ನಂಗೆ ಹೇಳ್ಕೊಡಿ” ಎಂದೆ. ಇಂಥ ಶಸ್ತ್ರಚಿಕಿತ್ಸೆಗಳಿಗೆ ಲೆಕ್ಕವಿಲ್ಲದಷ್ಟು ಸಲ ನಿಂತ ನನಗೆ, ಬೆರಳು ಎಲ್ಲಿಡಬೇಕು, ಎಷ್ಟು ಹಗುರವಾಗಿಡಬೇಕು ಎಂಬುದನ್ನು ಅವರು ಮೊದಲಿನಿಂದ ಹೇಳಿಕೊಟ್ಟರು. ನಾನು ಏನೂ ಗೊತ್ತಿಲ್ಲದವಳಂತೆ ಕೇಳಿದೆ.

ನಾನಿದನ್ನು ಬರೆಯುವ ಹೊತ್ತಿಗೆ ಆ ನರ ಇನ್ನೂ ಬಲಿತಿಲ್ಲ. ಬಲಿತ ಮೇಲೂ ಅದನ್ನು ಆಳದಿಂದ ಚರ್ಮದ ಹತ್ತಿರಕ್ಕೆ ಎತ್ತಿ ಕೂರಿಸುವ ಇನ್ನೊಂದು ಶಸ್ತ್ರಚಿಕಿತ್ಸೆ ಬಾಕಿಯಿದೆ. ಮೂತ್ರಪಿಂಡಗಳು ಅಲ್ಲಿಯವರೆಗೆ ಕಾಯುತ್ತವೆಯೋ ಇಲ್ಲವೋ ವೈದ್ಯರೂ ಹೇಳಲಾರರು. ಇಂಥ ಲೇಖನದ ಕೊನೆಯಲ್ಲಿ ದೀರ್ಘಾಯುಷ್ಯವನ್ನು ಹಾರೈಸುವುದು ವಾಡಿಕೆ. ನನ್ನ ಹಾರೈಕೆ ವಾಡಿಕೆಯದಲ್ಲ. ಆ ನರ ಬಲಿಯಲಿ. ಯಂತ್ರದ ಪಕ್ಕದ ಕುರ್ಚಿಯಲ್ಲಿ ಅವರು ಬಹುಕಾಲ ಕುಳಿತುಕೊಳ್ಳುವಂತಾಗಲಿ, ಸೂಜಿ ಹಾಕುವವರ ತಪ್ಪುಗಳನ್ನೆಲ್ಲ ಬಾಯಲ್ಲೇ ತಿದ್ದುತ್ತ ಇನ್ನಷ್ಟು ತಂಡಗಳನ್ನು ಪಳಗಿಸಲಿ.

ಅಭಿನಂದನ ಸಮಾರಂಭಕ್ಕೆ ಬರಲಿರುವ ಶಿಷ್ಯೆಯರಲ್ಲೂ ವ್ಯವಸ್ಥಾಪಕರಲ್ಲೂ ನನ್ನದೊಂದು ವಿನಂತಿ. ಈ ಸಂಪುಟ ಭಾರವಾಗಿದೆ. ಇದನ್ನು ಅವರ ಎಡಗೈಗೆ ಕೊಡಿ, ಅದರಿಂದ ಯಾವ ಅಗೌರವವೂ ಆಗುವುದಿಲ್ಲ. ವೇದಿಕೆಯ ಮೆಟ್ಟಿಲು ಹತ್ತಿಸುವವರು ಬಲತೋಳನ್ನು ಹಿಡಿಯಬೇಡಿ. ಫೋಟೋಕ್ಕೆ ನಿಲ್ಲುವವರು ಆ ಬದಿಗೆ ಒತ್ತಿಕೊಂಡು ನಿಲ್ಲಬೇಡಿ. ನಿಮ್ಮನ್ನು ಕಂಡ ಸಂಭ್ರಮದಲ್ಲಿ ಅವರು ಎಲ್ಲವನ್ನೂ ಮರೆತು ತಾವಾಗಿಯೇ ಬಲಗೈಯನ್ನು ಮುಂದೆ ಚಾಚುತ್ತಾರೆ, ನನಗೆ ಗೊತ್ತು. ದಯವಿಟ್ಟು ಯಾರೂ ಅದನ್ನು ತೆಗೆದುಕೊಳ್ಳಬೇಡಿ.