ಮಾಸ್ತರರ ಬಂದೂಕಿನ ಕರಿ

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಚಾಕು, ಕುಡುಗೋಲು, ಈಳಿಗೆಗಳ ಕಪ್ಪಾದ ಕಟ್ಟಿಗೆ ಹಿಡಿಗಳನ್ನು ಉಜ್ಜಿ ಹೊಸದು ಮಾಡಿಕೊಡುವುದು ನನ್ನ ಕೆಲಸ. ಕೆಲಸ ಚೊಕ್ಕ, ನಾಲಿಗೆ ಒರಟು ಎಂದು ಗಿರಾಕಿಗಳು ಹೇಳುತ್ತಾರೆ. ಅವರು ತರುವ ಚಾಕುಗಳನ್ನು ನೋಡಿದರೆ ಯಾರ ನಾಲಿಗೆಯಾದರೂ ಒರಟಾದೀತು. ಒಬ್ಬ ಪುಣ್ಯಾತ್ಮ ಹಿಡಿಗೆ ಬೂಟ್ ಪಾಲಿಶ್ ಬಳಿದು ತಂದಿದ್ದ.

ಹೋದ ವರ್ಷ ಬೆಳ್ಳಟ್ಟಿಯಿಂದ ಒಬ್ಬ ನಿವೃತ್ತ ಕನ್ನಡ ಮಾಸ್ತರರು ಬಂದರು. ಹಳೆಯ ಧೋತರದಲ್ಲಿ ಸುತ್ತಿ ತಂದದ್ದು ಬಂದೂಕಿನ ಹಿಂಭಾಗದ, ಭುಜಕ್ಕೆ ಆನಿಸುವ ಕಟ್ಟಿಗೆ. ಅವರ ತಂದೆ ಆ ಬಂದೂಕು ಹಿಡಿದು ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸುತ್ತಿದ್ದರಂತೆ. ತಂದೆ ತೀರಿಕೊಂಡ ಮೇಲೆ ಅದನ್ನು ಠಾಣೆಗೆ ಒಪ್ಪಿಸುವಾಗ ಕೈಕಾಲು ಹಿಡಿದು ಇದೊಂದು ತುಂಡನ್ನು ಬಿಚ್ಚಿಸಿಕೊಂಡಿದ್ದರು.

"ಅಪ್ಪಂದು ಅಂತ ಉಳದದ್ದು ಇದೊಂದ ಐತ್ರಿ. ಫೋಟೋ ಸೈತ ಇಲ್ಲ. ಇದರ ಕರಿ ಅಷ್ಟ ತಗೀರಿ, ಮತ್ತೇನೂ ಮುಟ್ಟಬ್ಯಾಡ್ರಿ."

ನೋಡಿದೆ. ಕಟ್ಟಿಗೆ ಪೂರ್ತಿ ಕರಿ. ಮುಟ್ಟಬೇಡಿ ಎಂದದ್ದು ತುದಿಯ ಹಿತ್ತಾಳೆ ಪಟ್ಟಿಯನ್ನು ಇರಬೇಕು ಅಂದುಕೊಂಡು, "ಸೋಮವಾರ ಬರ್ರಿ" ಎಂದೆ.

ಬಟ್ಟೆ ಒಗೆಯುವ ಸೋಡಾದ ನೀರು, ತೆಂಗಿನ ನಾರು, ನಿಂಬೆಹುಳಿ. ಮೂರು ದಿನಕ್ಕೆ ಒಳಗಿನ ಸಾಗುವಾನಿ ಜೇನಿನ ಬಣ್ಣದಲ್ಲಿ ಹೊರಬಂತು. ಮೇಲ್ಭಾಗದಲ್ಲಿ ಅಂಗೈ ಅಗಲದ ಕಪ್ಪೊಂದು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನನಗೆ ಸಿಟ್ಟು ಬಂತು. ಮರಳುಕಾಗದ ಹಿಡಿದು ಅರ್ಧ ದಿನ ಕುಸ್ತಿ ಮಾಡಿ ಗೆದ್ದೆ.

ಸೋಮವಾರ ಮಾಸ್ತರರು ಕಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು. "ಇದು ಯಾರದ್ರಿ?" ಎಂದರು.

"ನಿಮ್ಮದ ರೀ. ಕರಿ ಎಲ್ಲಾ ತಗದೀನಿ."

"ಕರಿ ಅಂದ್ರ ಕರೀನ ತಗದ್ರೇನು? ಇಲ್ಲಿ ಕೆಳಗ ಉಪ್ಪಿನಕಾಯಿ ರಸ ಸೋರಿ ಬಿದ್ದಿತ್ತಲ್ರಿ, ಆ ಕರಿ!"

ಆಗ ತಲೆಗೆ ಹೋಯಿತು. ಅವರು ಹೇಳಿದ್ದು ಕರೆ, ಅಂದರೆ ಕಲೆ. ನಮ್ಮ ಕಡೆ ಮನೆ ಮನಿಯಾಗುತ್ತದೆ, ಕರೆ ಕರಿಯಾಗುತ್ತದೆ. ತಪ್ಪು ನನ್ನದೇ ಇರಬಹುದು, ಆದರೆ ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ.

"ಜೀವನಪೂರ್ತಿ ಹುಡುಗರ ಕಾಗುಣಿತ ತಿದ್ದೀರಿ, ಕರೆ ಅನ್ನಾಕ ಏನ್ ಧಾಡಿ ಆಗಿತ್ರಿ?"

"ನಾ ಅಂದದ್ದೂ ಅದನ್ನ ಅಲ್ಲೇನ್ರಿ? ರಕ್ಕ ಎತ್ವ ಕೊಟ್ರ ರಿ. ಕರಿ!"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ನಾನು ಕುಸ್ತಿ ಗೆದ್ದ ಜಾಗದ ಮೇಲೆ ಬೆರಳಾಡಿಸಿದರು.

"ಇಲ್ಲಿ ಅಪ್ಪನ ಗಲ್ಲ ಇತ್ರಿ. ಗುರಿ ಹಿಡಿಯೂ ಮುಂದ ಒತ್ತಿ ಒತ್ತಿ, ಅವನ ಬೆವರು, ತಲಿ ಎಣ್ಣಿ ಇಳಿದು ಹಂಗ ಆಗಿತ್ತು."

ನನಗೆ ನಿಜಕ್ಕೂ ನಾಚಿಕೆಯಾಯಿತು. ಕಬ್ಬಿಣದ ಮೊಳೆಗಳನ್ನು ಚಹಾ ಡಿಕಾಕ್ಷನ್‌ನಲ್ಲಿ ನೆನೆಹಾಕಿ ಹಚ್ಚಿದರೆ ಸಂಜೆಯೊಳಗೆ ಮತ್ತೆ ಕಪ್ಪಾಗುತ್ತದೆ ಎಂದೆ.

"ಅದು ಚಹಾದ ಗಲ್ಲ ಆಗ್ತೈತ್ರಿ, ಅಪ್ಪಂದಲ್ಲ."

ಅಂಗಡಿಯ ಬೆಂಚಿನ ಮೇಲೆ ಕುಳಿತು, ಕಟ್ಟಿಗೆಯನ್ನು ಭುಜಕ್ಕೇರಿಸಿ, ಗಲ್ಲ ಒತ್ತಿ, ರಸ್ತೆಯ ಆಟೋವೊಂದಕ್ಕೆ ಗುರಿಯಿಟ್ಟರು. ನಳಿಗೆಯಿಲ್ಲದ ಬಂದೂಕಿಗೂ ಹೆದರಿ ಆಟೋದವನು ಹಾರ್ನ್ ಬಾರಿಸಿದ.

ಗಲ್ಲ ಎತ್ತದೆಯೇ ಮಾಸ್ತರರು ಕೇಳಿದರು: "ಅಪ್ಪಗ ನಲವತ್ತು ವರ್ಷ ಹಿಡದಿತ್ತು. ನನಗೀಗ ಎಪ್ಪತ್ತೆರಡು. ದಿನಾ ಎಷ್ಟು ತಾಸು ಒತ್ತಿದ್ರ ಆದೀತ್ರಿ?"

ಎಲ್ಲದಕ್ಕೂ ಎದುರುತ್ತರ ಕೊಡುವ ನಾನು, "ತಲಿಗೆ ಎಣ್ಣಿ ಸ್ವಲ್ಪ ಜಾಸ್ತಿ ಹಚ್ಚಿಕೋರಿ" ಎಂದಷ್ಟೇ ಹೇಳಿದೆ.